ಮಾತ್ರೆಯೊಳಗಿನ ಉಳಿದ ಪುಡಿ

1968. ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರ. ಮೂರ್ಛೆರೋಗಕ್ಕೆ ಫೆನಿಟಾಯಿನ್ ತಗೊಳ್ಳುತ್ತಿದ್ದವರು ಒಬ್ಬೊಬ್ಬರಾಗಿ ಡಾಕ್ಟರ ಹತ್ತಿರ ಬರತೊಡಗಿದರು. ನಡೆದರೆ ಕುಡಿದವರ ಹಾಗೆ ತೂರಾಟ, ಮಾತು ತೊದಲು, ಕಣ್ಣುಗುಡ್ಡೆ ಒಂದು ಕಡೆ ನಿಲ್ಲದೆ ಅದುರುತ್ತಿತ್ತು. ಫೆನಿಟಾಯಿನ್ ಮೈಯಲ್ಲಿ ಹೆಚ್ಚಾದರೆ ಹೀಗಾಗುತ್ತೆ ಅಂತ ವೈದ್ಯರಿಗೆ ಗೊತ್ತಿತ್ತು. ಆದರೆ ಯಾರೂ ಹೆಚ್ಚು ನುಂಗಿರಲಿಲ್ಲ. ವರ್ಷಗಳಿಂದ ತಗೊಳ್ಳುತ್ತಿದ್ದ ಅದೇ ಕ್ಯಾಪ್ಸೂಲು, ಅದೇ 100 ಮಿಲಿಗ್ರಾಂ, ದಿನಕ್ಕೆ ಅಷ್ಟೇ ಸಲ.

ಅಲ್ಲಿನ ನರರೋಗ ವೈದ್ಯರು ರಕ್ತ ಪರೀಕ್ಷೆ ಮಾಡಿದರು. ಫೆನಿಟಾಯಿನ್ ಪ್ರಮಾಣ ಇರಬೇಕಾದ್ದಕ್ಕಿಂತ ಬಹಳ ಮೇಲಿತ್ತು. ಕ್ಯಾಪ್ಸೂಲ್‌ನಲ್ಲಿ ಔಷಧಿಯೇ ಜಾಸ್ತಿ ತುಂಬಿದೆಯಾ? ಇಲ್ಲ, ಅದು ಸರಿಯಾಗೇ ಇತ್ತು. ಕೊನೆಗೆ ಸಿಕ್ಕಿದ ಉತ್ತರ ನೋಡಿ: ಔಷಧಿಯ ಜೊತೆ ಜಾಗ ತುಂಬೋದಕ್ಕೆ ಅಂತ ಹಾಕುತ್ತಿದ್ದ ಪುಡಿಯನ್ನು ತಯಾರಕರು ಬದಲಾಯಿಸಿದ್ದರು. ಮೊದಲು ಕ್ಯಾಲ್ಸಿಯಂ ಸಲ್ಫೇಟ್ ಇತ್ತು, ಅಂದರೆ ಜಿಪ್ಸಂ. ಈಗ ಲ್ಯಾಕ್ಟೋಸ್, ಹಾಲಿನ ಸಕ್ಕರೆ. ಅಷ್ಟೇ.

ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುವವರಿಗೆ ಇದನ್ನು ಓದಿದರೆ ಎದೆ ಝಲ್ ಅನ್ನಬೇಕು. ‘ಬರೀ ಒಂದು ಡಿಪೆಂಡೆನ್ಸಿ ಬದಲಾಯಿಸಿದ್ದೀವಿ, ನಮ್ಮ ಕೋಡ್ ಮುಟ್ಟಿಲ್ಲ’ ಅನ್ನೋ ಮಾತನ್ನು ನಾವು ವಾರಕ್ಕೊಮ್ಮೆ ಆಡ್ತೀವಿ. ನಮ್ಮಲ್ಲಿ ಸರ್ವರ್ ಬೀಳುತ್ತೆ. ಅಲ್ಲಿ ಮನುಷ್ಯರು ಬಿದ್ದರು.

ಮಾತ್ರೆಯಲ್ಲಿ ಔಷಧಿಯಲ್ಲದ ಈ ಉಳಿದ ಪುಡಿಗಳಿಗೆ ಎಕ್ಸಿಪಿಯೆಂಟ್ ಅಂತಾರೆ. ಎಷ್ಟಿರುತ್ತೆ ಇದು? ಹೃದಯಕ್ಕೆ ಕೊಡುವ ಡಿಗಾಕ್ಸಿನ್ ತಗೊಳ್ಳಿ. ಒಂದು ಮಾತ್ರೆಯಲ್ಲಿ ಔಷಧಿ 0.25 ಮಿಲಿಗ್ರಾಂ. ಮಾತ್ರೆ 100 ಮಿಲಿಗ್ರಾಂ ತೂಗಿದರೆ ಅದರಲ್ಲಿ 99.75 ಮಿಲಿಗ್ರಾಂ ಬೇರೆ ಏನೋ. ಔಷಧಿಯನ್ನಷ್ಟೇ ಕೊಟ್ಟಿದ್ದರೆ ಬೆರಳ ತುದಿಗೆ ಅಂಟಿದ್ದೂ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಈ ಪುಡಿಗಳು ಬೇಕೇ ಬೇಕು. ಆದರೆ ಇವು ‘ಏನೂ ಮಾಡದ’ ಪುಡಿಗಳು ಅನ್ನೋ ನಂಬಿಕೆ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ, ಮಾತ್ರೆಯ ಕಥೆ ಔಷಧಿ ಅಂಗಡಿಯಲ್ಲಲ್ಲ, ಪೆನ್ಸಿಲ್‌ನಲ್ಲಿ ಶುರುವಾಗುತ್ತೆ.

ವಿಲಿಯಂ ಬ್ರಾಕಡನ್ ಇಂಗ್ಲೆಂಡಿನ ಚಿತ್ರಕಾರ, ವಾಚು ರಿಪೇರಿಯವನ ಮಗ. ಅವನ ಚಿಂತೆ ಇದ್ದದ್ದು ಗ್ರಾಫೈಟ್ ಬಗ್ಗೆ. ಕಂಬರ್ಲೆಂಡಿನ ಬಾರೋಡೇಲ್ ಗಣಿಯ ಒಳ್ಳೆ ಗ್ರಾಫೈಟ್ ಮುಗಿಯುತ್ತಾ ಬಂದಿತ್ತು, ಉಳಿದದ್ದು ಪುಡಿ ಮತ್ತು ಚೂರು. ಅಂಟು ಸೇರಿಸಿ ಗಟ್ಟಿ ಮಾಡಿದರೆ ಗೆರೆ ಕೆಡುತ್ತೆ. ಅಂಟಿಲ್ಲದೆ ಬರೀ ಒತ್ತಡದಿಂದಲೇ ಪುಡಿಯನ್ನು ಗಟ್ಟಿ ಮಾಡಬಹುದಾ? ಮಾಡಬಹುದು ಅಂತ ಅವನು ತೋರಿಸಿದ. 1843ರಲ್ಲಿ ಪಡೆದ ಪೇಟೆಂಟ್‌ನಲ್ಲಿ ಗ್ರಾಫೈಟ್ ಜೊತೆಗೆ ಔಷಧಿ ಗುಳಿಗೆಗಳನ್ನೂ ಸೇರಿಸಿದ. ಒಂದು ಅಚ್ಚು, ಅದರೊಳಗೆ ಪುಡಿ, ಮೇಲೊಂದು ಕೆಳಗೊಂದು ಪಂಚು, ಒಂದು ಏಟು. ಇವತ್ತು ಗಂಟೆಗೆ ಲಕ್ಷಗಟ್ಟಲೆ ಮಾತ್ರೆ ಉದುರಿಸುವ ಯಂತ್ರದ ಒಳಗೂ ನಡೆಯೋದು ಇದೇ.

ಅಲ್ಲಿಯವರೆಗೆ ಔಷಧಿ ಅಂಗಡಿಯವನು ಪುಡಿಗೆ ಅಂಟು, ಪಾಕ ಏನಾದರೂ ಹಾಕಿ ಕಲಸಿ, ಎಳೆ ಮಾಡಿ, ತುಂಡು ಮಾಡಿ, ಕೈಯಲ್ಲೇ ಉಂಡೆ ಕಟ್ಟುತ್ತಿದ್ದ. ನಮ್ಮೂರಲ್ಲಿ ತಂಬಿಟ್ಟು ಕಟ್ಟುವ ಥರ. ಪಾಕ ಕಡಿಮೆಯಾದರೆ ಉದುರುತ್ತೆ, ಜಾಸ್ತಿಯಾದರೆ ಹಲ್ಲು ಮುರಿಯುತ್ತೆ. ಯಂತ್ರ ಬಂದ ಮೇಲೆ ಆ ಕೈಯ ಅಂದಾಜು ಹೋಯಿತು.

ಆಮೇಲಿನದು ವ್ಯಾಪಾರದ ಕಥೆ, ಬೇಗ ಹೇಳಿ ಮುಗಿಸ್ತೀನಿ. ವಿದ್ಯೆ ಅಮೆರಿಕಕ್ಕೆ ಹೋಯಿತು. ಫಿಲಡೆಲ್ಫಿಯಾದ ವೈತ್ ಕಂಪನಿ 1870ರ ದಶಕದಲ್ಲಿ ತಿರುಗುವ ಯಂತ್ರದಲ್ಲಿ ಮಾತ್ರೆ ಒತ್ತಿ ಮಾರತೊಡಗಿತು. ಸೈಲಸ್ ಬರೋಸ್, ಹೆನ್ರಿ ವೆಲ್ಕಮ್ ಅನ್ನೋ ಇಬ್ಬರು ಅಮೆರಿಕನ್ನರು 1880ರಲ್ಲಿ ಲಂಡನ್‌ನಲ್ಲಿ ಅಂಗಡಿ ತೆರೆದರು. 1884ರಲ್ಲಿ ತಮ್ಮ ಮಾತ್ರೆಗಳಿಗೆ ಒಂದು ಹೊಸ ಹೆಸರು ರಿಜಿಸ್ಟರ್ ಮಾಡಿಸಿದರು: ‘ಟ್ಯಾಬ್ಲಾಯ್ಡ್’. ಹೌದು, ಪತ್ರಿಕೆಗಳಿಗೆ ನಾವು ಬಳಸೋ ಪದವೇ. ಚಿಕ್ಕದಾಗಿ ಒತ್ತಿ ಕೊಡೋದು ಅನ್ನೋ ಅರ್ಥದಲ್ಲಿ ಅದು ಮಾತ್ರೆಯಿಂದ ಪೇಪರಿಗೆ ಹಾರಿತು. ಗಾಸಿಪ್ ಆಮೇಲೆ ಸೇರಿಕೊಂಡದ್ದು.

ಯಂತ್ರ ವೇಗವಾದ ಹಾಗೆ ಒಂದು ವಿಷಯ ಎಲ್ಲರಿಗೂ ಗೊತ್ತಾಗುತ್ತಾ ಹೋಯಿತು. ಬ್ರಾಕಡನ್‌ನ ಗ್ರಾಫೈಟ್ ಒತ್ತಿದ ಕೂಡಲೇ ಅಂಟಿಕೊಂಡಿತು, ಆದರೆ ಬಹಳಷ್ಟು ಔಷಧಿಗಳು ಹಾಗೆ ಕೇಳಲ್ಲ. ಇಲ್ಲಿಂದ ಉಳಿದ ಪುಡಿಗಳ ನಿಜವಾದ ಕೆಲಸ ಶುರು.

ಮೊದಲನೇ ತೊಂದರೆ, ಯಂತ್ರ ಮಾತ್ರೆಯನ್ನು ತೂಕ ಮಾಡಿ ತುಂಬಲ್ಲ. ಅಚ್ಚಿನ ಗುಂಡಿಯಲ್ಲಿ ಎಷ್ಟು ಜಾಗ ಇದೆಯೋ ಅಷ್ಟು ಪುಡಿ ಬೀಳಬೇಕು, ಸೇರಿನಲ್ಲಿ ರಾಗಿ ಅಳೆದ ಹಾಗೆ. ಪುಡಿ ಸರಾಗವಾಗಿ ಹರಿಯದೆ ಮೈದಾ ಹಿಟ್ಟಿನಂತೆ ಗಂಟು ಕಟ್ಟಿದರೆ ಒಂದು ಗುಂಡಿಗೆ ಜಾಸ್ತಿ, ಇನ್ನೊಂದಕ್ಕೆ ಕಮ್ಮಿ. ಅಂದರೆ ಡೋಸೇ ವ್ಯತ್ಯಾಸ. ಅದಕ್ಕೇ ಪುಡಿಗೆ ಬೈಂಡರ್ ಹಾಕಿ, ಒದ್ದೆ ಮಾಡಿ, ರವೆಯಂತೆ ಕಾಳು ಮಾಡಿ, ಒಣಗಿಸಿ ಆಮೇಲೆ ಒತ್ತುತ್ತಾರೆ. ರವೆ ಹರಿಯುತ್ತೆ, ಮೈದಾ ಹರಿಯಲ್ಲ.

ಎರಡನೆಯದು ಒತ್ತಿದಾಗ ಏನಾಗುತ್ತೆ ಅನ್ನೋದು. ಕೆಲವು ಪುಡಿಗಳ ಕಣಗಳು ಕಲ್ಲುಸಕ್ಕರೆಯ ಹಾಗೆ ಪುಡಿಪುಡಿಯಾಗಿ ಹೊಸ ಮುಖ ತೋರಿಸುತ್ತವೆ. ಕೆಲವು ಕಣಕದ ಹಾಗೆ ಚಪ್ಪಟೆಯಾಗಿ ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. ಇನ್ನು ಕೆಲವು ಸ್ಪಂಜಿನ ಥರ, ಒತ್ತಿದಾಗ ತಗ್ಗಿ ಬಿಟ್ಟಾಗ ಮತ್ತೆ ಉಬ್ಬುತ್ತವೆ. ಇವೇ ತಲೆನೋವು. ತಲೆನೋವಿಗೆ ನುಂಗುವ ಪ್ಯಾರಾಸಿಟಮಾಲ್ ಈ ಮೂರನೇ ಗುಂಪಿನದು ಅನ್ನೋದು ಒಂದು ತಮಾಷೆ. ಸಾಮಾನ್ಯವಾಗಿ ಸಿಗುವ ಅದರ ಹರಳನ್ನು ಹಾಗೇ ಒತ್ತಿದರೆ, ಪಂಚು ಮೇಲೆದ್ದ ಕೂಡಲೇ ಮಾತ್ರೆ ಒಳಗಿಂದ ಉಬ್ಬಿ, ಮೇಲಿನ ಪದರ ಟೋಪಿ ಥರ ಕಳಚಿಕೊಳ್ಳುತ್ತೆ. ಕಾರ್ಖಾನೆಯವರು ಇದನ್ನು ‘ಕ್ಯಾಪಿಂಗ್’ ಅಂತಲೇ ಕರೀತಾರೆ. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಡೋಲೋ 650 ನಮ್ಮ ಬೆಂಗಳೂರಿನ ಮೈಕ್ರೋ ಲ್ಯಾಬ್ಸ್‌ನದು. ಹೆಸರಲ್ಲಿರೋ ಆ 650 ಮಿಲಿಗ್ರಾಂ ಔಷಧಿಯದು. ಡಿಗಾಕ್ಸಿನ್‌ಗೆ ಪೂರ್ತಿ ಉಲ್ಟಾ, ಇಲ್ಲಿ ಔಷಧಿಯೇ ಮಾತ್ರೆಯ ದೊಡ್ಡ ಪಾಲು. ಇಂಥ ಹಠಮಾರಿಯನ್ನು ಸ್ವಲ್ಪವೇ ಸ್ವಲ್ಪ ಬೈಂಡರ್ ಹಿಡಿದು ನಿಲ್ಲಿಸಬೇಕು.

ಮೂರನೆಯದು ನನಗೆ ಬಹಳ ಇಷ್ಟವಾದದ್ದು. ಒತ್ತಿದ ಮಾತ್ರೆ ಅಚ್ಚಿನ ಗೋಡೆಗೆ ಅಂಟದೆ ಹೊರಬರಬೇಕು. ಚಕ್ಕುಲಿ ಒರಳಿಗೆ ಎಣ್ಣೆ ಸವರುವ ಹಾಗೆ ಇಲ್ಲಿ ಮೆಗ್ನೀಸಿಯಂ ಸ್ಟಿಯರೇಟ್ ಹಾಕ್ತಾರೆ. ಬೇಕಾಗೋದು ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲು ಅಥವಾ ಅದಕ್ಕೂ ಕಮ್ಮಿ. ಇದು ನೀರಿಗೆ ಸೇರದ ಜಿಡ್ಡು. ಐದು ನಿಮಿಷ ಕಲಸಬೇಕಾದ್ದನ್ನು ಅರ್ಧ ಗಂಟೆ ಕಲಸಿಬಿಟ್ಟರೆ ಪ್ರತಿ ಕಣಕ್ಕೂ ತೆಳುವಾಗಿ ಲೇಪ ಹತ್ತುತ್ತೆ. ಆಗ ಕಣಗಳು ಒಂದಕ್ಕೊಂದು ಅಂಟಲ್ಲ, ಮಾತ್ರೆ ಮೆತ್ತಗಾಗುತ್ತೆ. ನೀರೂ ಒಳಗೆ ಹೋಗಲ್ಲ, ಔಷಧಿ ಕರಗೋದು ತಡವಾಗುತ್ತೆ. ಪದಾರ್ಥ ಅದೇ, ಪ್ರಮಾಣವೂ ಅದೇ, ಕಲಸಿದ ಹೊತ್ತು ಮಾತ್ರ ಬೇರೆ. ಇನ್ನೂ ವಿಚಿತ್ರ ಅಂದರೆ, ಒತ್ತಿದಾಗ ಒಡೆಯುವ ಪುಡಿಗಳಿಗೆ ಇದರಿಂದ ಅಷ್ಟು ತೊಂದರೆಯಿಲ್ಲ. ಒಡೆದಾಗ ಜಿಡ್ಡು ಹತ್ತದ ಹೊಸ ಮುಖ ಸಿಗುತ್ತಲ್ಲ! ಪೆಟ್ಟು ಬೀಳೋದು ಕಣಕದಂಥ ಪುಡಿಗಳಿಗೆ.

ಆ ಕಣಕದ ಜಾತಿಯಲ್ಲಿ ಎಲ್ಲಕ್ಕಿಂತ ಹೆಸರು ಮಾಡಿದ್ದು ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್. ಅದು ಬಂದದ್ದು ರೇಯಾನ್ ಬಟ್ಟೆ ಉದ್ಯಮದಿಂದ. ಅಮೆರಿಕನ್ ವಿಸ್ಕೋಸ್ ಕಂಪನಿಯ ಆರ್ಲಾಂಡೋ ಬಟಿಸ್ಟ 1955ರಲ್ಲಿ ಮರದ ತಿರುಳಿನ ಸೆಲ್ಯುಲೋಸ್ಅನ್ನು ಆಸಿಡ್‌ನಲ್ಲಿ ಒಡೆದು ಮಿಕ್ಸರ್‌ಗೆ ಹಾಕಿ ತಿರುಗಿಸಿದ. ಪುಡಿ ತಳಕ್ಕೆ ಕೂರಬೇಕಿತ್ತು. ಕೂರಲಿಲ್ಲ, ಕೆನೆಯಂತೆ ಗಟ್ಟಿಯಾಗಿ ನಿಂತಿತು. 60ರ ದಶಕದಲ್ಲಿ ‘ಅವಿಸೆಲ್’ ಹೆಸರಲ್ಲಿ ಅದು ಮಾತ್ರೆ ಕಾರ್ಖಾನೆಗೆ ಬಂದ ಮೇಲೆ, ಎಷ್ಟೋ ಔಷಧಿಗಳನ್ನು ಒದ್ದೆ ಮಾಡಿ ಒಣಗಿಸುವ ರಗಳೆಯಿಲ್ಲದೆ ನೇರವಾಗಿ ಒತ್ತುವುದಕ್ಕೆ ಆಯಿತು. ಮನೆಯಲ್ಲಿರೋ ಯಾವುದಾದರೂ ಮಾತ್ರೆಯ ಡಬ್ಬದ ಒಳಗಿನ ಚೀಟಿ ಬಿಚ್ಚಿ ನೋಡಿ, ಈ ಹೆಸರು ಸಿಗೋ ಸಾಧ್ಯತೆ ಬಹಳ.

ಇಷ್ಟೆಲ್ಲ ಜಾಣತನ ಇದ್ದದ್ದು ಒಳ್ಳೆ ಮಾತ್ರೆ ಒತ್ತುವುದರಲ್ಲಿ. ಗಟ್ಟಿಯಿದೆಯಾ, ತೂಕ ಸರಿಯಿದೆಯಾ, ನೀರಿಗೆ ಹಾಕಿದರೆ ಹೊತ್ತಿಗೆ ಸರಿಯಾಗಿ ಒಡೆಯುತ್ತಾ. ಒಡೆದರೆ ಪಾಸ್. ಆದರೆ ಒಡೆಯೋದು ಬೇರೆ, ಕರಗೋದು ಬೇರೆ. ಮರಳಿನ ಉಂಡೆಯೂ ನೀರಲ್ಲಿ ಒಡೆಯುತ್ತೆ. ಬ್ರಿಸ್ಬೇನ್ ಘಟನೆಯ ಹೊತ್ತಿಗೆ ಜಗತ್ತು ಇಲ್ಲೇ ನಿಂತಿತ್ತು.

ಬ್ರಿಸ್ಬೇನ್‌ನಲ್ಲಿ ಆದದ್ದಕ್ಕೆ ವೈದ್ಯರು ಕೊಟ್ಟ ವಿವರಣೆ ಇದು: ಜಿಪ್ಸಂನ ಕ್ಯಾಲ್ಸಿಯಂ ಫೆನಿಟಾಯಿನ್ ಜೊತೆ ಸೇರಿ, ಕರುಳು ಸರಿಯಾಗಿ ಹೀರಿಕೊಳ್ಳದ ರೂಪಕ್ಕೆ ತಿರುಗಿಸುತ್ತಿತ್ತು. ಅಂದರೆ ಅಷ್ಟು ವರ್ಷ 100 ಮಿಲಿಗ್ರಾಂ ಬರೆದ ಕ್ಯಾಪ್ಸೂಲ್ ಕೊಡುತ್ತಿದ್ದದ್ದು ಅದಕ್ಕಿಂತ ಕಮ್ಮಿ. ಡಾಕ್ಟರು ಆ ಕಮ್ಮಿಗೆ ಸರಿಹೋಗುವ ಹಾಗೆ ಒಬ್ಬೊಬ್ಬರಿಗೂ ಡೋಸ್ ಹೊಂದಿಸಿದ್ದರು. ಲ್ಯಾಕ್ಟೋಸ್ ಬಂದಾಗ ಕ್ಯಾಪ್ಸೂಲ್ ಮೊದಲ ಬಾರಿಗೆ ತನ್ನ ಮಾತು ಉಳಿಸಿಕೊಂಡಿತು, ರೋಗಿಗಳು ತೂರಾಡಿದರು.

ಸ್ವಲ್ಪ ಹೆಚ್ಚು ಹೀರಿಕೊಂಡರೆ ಅಷ್ಟೊಂದು ಅನಾಹುತ ಯಾಕೆ? ಫೆನಿಟಾಯಿನ್ ಕರಗಿಸುವ ಯಕೃತ್ತಿನ ಕಿಣ್ವಕ್ಕೆ ಒಂದು ಮಿತಿಯಿದೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ 95 ಪರ್ಸೆಂಟ್ ಲೋಡ್‌ನಲ್ಲಿ ಓಡುತ್ತಿರುವ ಸರ್ವರ್. ಇನ್ನೊಂಚೂರು ಟ್ರಾಫಿಕ್ ಬಂದರೂ ಕ್ಯೂ ಬೆಳೆಯೋದು ಒಂಚೂರಲ್ಲ. ಡೋಸ್ ಮೂರರಲ್ಲೊಂದು ಪಾಲು ಹೆಚ್ಚಾದರೆ ರಕ್ತದಲ್ಲಿ ಎರಡು ಪಟ್ಟಾಗಿಬಿಡಬಹುದು.

ಇದೊಂದೇ ಆಗಿದ್ದರೆ ಅಪರೂಪದ ಪ್ರಕರಣ ಅಂತ ಮರೆತುಬಿಡಬಹುದಿತ್ತೇನೋ. 1971ರಲ್ಲಿ ಅಮೆರಿಕದ ಜಾನ್ ಲಿಂಡನ್‌ಬಾಮ್ ಮತ್ತು ಸಂಗಡಿಗರು ಮಾರುಕಟ್ಟೆಯಲ್ಲಿದ್ದ ಡಿಗಾಕ್ಸಿನ್ ಮಾತ್ರೆಗಳನ್ನು ಆರೋಗ್ಯವಂತರಿಗೆ ಕೊಟ್ಟು ರಕ್ತ ಅಳೆದರು. ಒಂದೇ ಪ್ರಮಾಣ, ಬೇರೆ ಬೇರೆ ತಯಾರಿ, ರಕ್ತದ ಮಟ್ಟದಲ್ಲಿ ಏಳು ಪಟ್ಟಿನವರೆಗೆ ವ್ಯತ್ಯಾಸ! ಡಿಗಾಕ್ಸಿನ್ ಕಮ್ಮಿಯಾದರೆ ಹೃದಯಕ್ಕೆ ಉಪಯೋಗವಿಲ್ಲ, ಜಾಸ್ತಿಯಾದರೆ ಹೃದಯದ ಬಡಿತವೇ ತಪ್ಪುತ್ತೆ. ಇವೆರಡರ ನಡುವಿನ ದಾರಿ ಗದ್ದೆಯ ಬದುವಿನಷ್ಟು ಅಗಲ.

ಅದೇ ಹೊತ್ತಿಗೆ ಬ್ರಿಟನ್‌ನಲ್ಲಿ ಇನ್ನೊಂದು. ಅಲ್ಲಿ ಹೆಚ್ಚು ಮಾರಾಟವಾಗುತ್ತಿದ್ದ ಡಿಗಾಕ್ಸಿನ್ ಬ್ರಾಂಡ್ ಲ್ಯಾನಾಕ್ಸಿನ್. ತಯಾರಿಸುತ್ತಿದ್ದವರು ಬರೋಸ್ ವೆಲ್ಕಮ್, ಟ್ಯಾಬ್ಲಾಯ್ಡ್ ಪದ ಕೊಟ್ಟವರೇ. 1969ರ ಸುಮಾರಿಗೆ ಕಾರ್ಖಾನೆಯಲ್ಲಿ ತಯಾರಿಕೆಯ ವಿಧಾನ ಬದಲಾಯಿತು, ಮಾತ್ರೆಯ ಶಕ್ತಿ ಕುಗ್ಗಿದ್ದು ಯಾರಿಗೂ ಗೊತ್ತಾಗಲಿಲ್ಲ. 1972ರ ಮೇ ತಿಂಗಳಲ್ಲಿ ವಿಧಾನ ಮತ್ತೆ ಬದಲಾದಾಗ ಮೈಗೆ ಸೇರುವ ಪ್ರಮಾಣ ಸುಮಾರು ಎರಡು ಪಟ್ಟಾಯಿತು. ಹೊರಗೆ ಅದೇ ಹೆಸರು, ಅದೇ 0.25. ಇಲ್ಲಿ ಕೈವಾಡ ಮುಖ್ಯವಾಗಿ ಔಷಧಿಯ ಕಣಗಳ ಗಾತ್ರದ್ದು. ಪಾಠ ಮಾತ್ರ ಅದೇ, ಲೇಬಲ್ ಮೇಲಿನ ಸಂಖ್ಯೆ ಡಬ್ಬದಲ್ಲಿ ಏನಿದೆ ಅಂತ ಹೇಳುತ್ತೆ, ಮೈಗೆ ಏನು ಸೇರುತ್ತೆ ಅಂತಲ್ಲ.

ಅಮೆರಿಕದ ಫಾರ್ಮಕೋಪಿಯಾ 1970ರಲ್ಲಿ ಕರಗುವಿಕೆಯ ಪರೀಕ್ಷೆಯನ್ನು ಮೊದಲ ಬಾರಿ ಸೇರಿಸಿತ್ತು. ಮೈಯ ಶಾಖದಲ್ಲಿರುವ ನೀರು, ತಿರುಗುವ ಒಂದು ತಂತಿಬಲೆಯ ಬುಟ್ಟಿ, ಅದರಲ್ಲಿ ಮಾತ್ರೆ, ಇಷ್ಟು ನಿಮಿಷಕ್ಕೆ ಇಷ್ಟು ಪಾಲು ಕರಗಿರಬೇಕು. ಡಿಗಾಕ್ಸಿನ್ ಗಲಾಟೆಯ ನಂತರ ಈ ಪರೀಕ್ಷೆಗೆ ಬೆಲೆ ಬಂತು, ಒಂದೊಂದಾಗಿ ಔಷಧಿಗಳು ಅದರ ಕೆಳಗೆ ಬಂದವು. ಇವತ್ತು ಎರಡು ಕಂಪನಿಯ ಮಾತ್ರೆ ಒಂದೇ ಅನ್ನಬೇಕಾದರೆ ಮನುಷ್ಯರ ರಕ್ತದಲ್ಲಿ ತೋರಿಸಬೇಕು ಅನ್ನೋ ಬಯೋಇಕ್ವಿವಲೆನ್ಸ್ ನಿಯಮದ ಹಿಂದೆಯೂ ಈ ಕಥೆಗಳಿವೆ.

ನಮ್ಮ ದೇಶ ಈ ವಿಷಯದಲ್ಲಿ ತಡ ಮಾಡಿತು ಅಂತಲೇ ನಾನು ಹೇಳೋದು. ಬಹುಕಾಲ ನಮ್ಮಲ್ಲಿ ಒಂದು ಔಷಧಿ ಬಂದು ನಾಲ್ಕು ವರ್ಷ ಕಳೆದ ಮೇಲೆ, ಅದರ ಜೆನೆರಿಕ್ ಮಾಡುವವರು ಬಯೋಇಕ್ವಿವಲೆನ್ಸ್ ತೋರಿಸದೆಯೂ ರಾಜ್ಯದ ಲೈಸೆನ್ಸ್ ಪಡೆಯಬಹುದಿತ್ತು. 2017ರ ಏಪ್ರಿಲ್‌ನಲ್ಲಿ ನಿಯಮ ತಿದ್ದಿ, ನೀರಿನಲ್ಲಿ ಸುಲಭಕ್ಕೆ ಕರಗದ ಔಷಧಿಗಳಿಗೆ ಅದನ್ನು ಕಡ್ಡಾಯ ಮಾಡಿದರು. ಫೆನಿಟಾಯಿನ್ ಆ ಗುಂಪಿನದೇ. ಬ್ರಿಸ್ಬೇನ್ ಆಗಿ ಆಗಲೇ 49 ವರ್ಷ.

ಇದರಿಂದ ಜೆನೆರಿಕ್ ಬೇಡ ಅನ್ನೋ ತೀರ್ಮಾನಕ್ಕೆ ಬರಬೇಡಿ. ಜೆನೆರಿಕ್ ಇಲ್ಲದಿದ್ದರೆ ನಮ್ಮೂರಿನ ಅರ್ಧ ಮನೆಗಳಲ್ಲಿ ಬಿಪಿ ಮಾತ್ರೆಯೇ ಇರುತ್ತಿರಲಿಲ್ಲ. ಬಹುಪಾಲು ಔಷಧಿಗಳಲ್ಲಿ ಹೀರಿಕೊಳ್ಳೋದು ಹತ್ತು ಪರ್ಸೆಂಟ್ ಆಚೀಚೆ ಆದರೆ ಏನೂ ಆಗಲ್ಲ. ಫೆನಿಟಾಯಿನ್, ಡಿಗಾಕ್ಸಿನ್‌ನಂಥ ಕೆಲವಕ್ಕೆ ಮಾತ್ರ ಬದುವಿನ ಮೇಲಿನ ನಡಿಗೆ.

ನಾನು ಇದನ್ನೆಲ್ಲ ಓದೋದಕ್ಕೆ ಶುರು ಮಾಡಿದ್ದು ನಮ್ಮ ಸೋದರತ್ತೆಯಿಂದ. ಅವರು ಊರಲ್ಲೇ ಇದ್ದಾರೆ, ಫೆನಿಟಾಯಿನ್ ತಗೊಳ್ಳೋದಕ್ಕೆ ಹಿಡಿದು ಹನ್ನೊಂದು ವರ್ಷ. ಹೋದ ಸಲ ಹಬ್ಬಕ್ಕೆ ಹೋದಾಗ ಸ್ಟ್ರಿಪ್‌ನ ಬಣ್ಣ ಬೇರೆ ಇತ್ತು. ಕೇಳಿದೆ. “ಅಂಗಡಿಯವ್ನು ಅದೇ ಔಷಧಿ ಅಂತ ಕೊಟ್ಟ ಕಣಪ್ಪಾ, ಕಂಪನಿ ಬೇರೆ ಅಂತೆ ಅಷ್ಟೇಯ” ಅಂದರು. ಅವರಿಗೆ ಏನೂ ತೊಂದರೆ ಆಗಿರಲಿಲ್ಲ. ಮಾತ್ರೆ ನಿಲ್ಲಿಸಬೇಡಿ ಅಂತ ಹೇಳಿ, ಡಾಕ್ಟರಿಗೆ ಫೋನ್ ಮಾಡಿದೆ. ಅವರು ರಕ್ತದಲ್ಲಿನ ಫೆನಿಟಾಯಿನ್ ಮಟ್ಟ ಒಮ್ಮೆ ಮಾಡಿಸಿ ಅಂದರು, ಸರಿಯಾಗೇ ಬಂತು. ಇನ್ನು ಮುಂದೆ ಕಂಪನಿ ಬದಲಾಯಿಸಬೇಡಿ, ಬದಲಾಯಿಸಲೇಬೇಕಾದರೆ ಮೊದಲು ನನಗೆ ತಿಳಿಸಿ ಅಂತಲೂ ಹೇಳಿದರು.

ಅತ್ತೆಗೆ ಇಂಗ್ಲಿಷ್ ಓದೋದಕ್ಕೆ ಬರಲ್ಲ. ಈಗ ಖಾಲಿ ಸ್ಟ್ರಿಪ್ ಬಿಸಾಡದೆ ಎತ್ತಿಟ್ಟುಕೊಳ್ತಾರೆ. ಅಂಗಡಿಗೆ ಹೋದಾಗ ಕೌಂಟರ್ ಮೇಲೆ ಹಳೇದು, ಹೊಸದು ಎರಡನ್ನೂ ಪಕ್ಕಪಕ್ಕ ಇಟ್ಟು, ಅಕ್ಷರಕ್ಕೆ ಅಕ್ಷರ ತಾಳೆ ನೋಡಿ ಆಮೇಲೆ ದುಡ್ಡು ಕೊಡ್ತಾರೆ.