ಸ್ವಹಸ್ತನಿರ್ಮಿತ ನಿಸ್ತಂತು ಯಂತ್ರಗಳು: ಕಾರವಾರ ಸೀಮೆಯ ಸಂಬಂಧವಾಗಿ ಒಂದು ವಿಚಾರ

ಕಾರವಾರ ಮತ್ತು ಅಂಕೋಲೆಗಳ ಪ್ರಾಂತವು ಒಂದು ಕಡೆ ಸಮುದ್ರದಿಂದಲೂ ಇನ್ನೊಂದು ಕಡೆ ಸಹ್ಯಾದ್ರಿಯಿಂದಲೂ ಆವರಿಸಲ್ಪಟ್ಟ ಕಿರಿದಾದ ಪಟ್ಟಿಯಾಗಿದ್ದು, ಕಾಳೀ ಮತ್ತು ಗಂಗಾವಳೀ ನದಿಗಳು ಅದನ್ನು ಅಡ್ಡಲಾಗಿ ಸೀಳಿಕೊಂಡು ಸಮುದ್ರವನ್ನು ಸೇರುತ್ತವೆ. ಇಂತಹ ನಾಡಿನಲ್ಲಿ ಸುದ್ದಿಯ ಸಂಚಾರವು ಬಹುಕಾಲ ದೋಣಿಗಳಿಗೂ ಘಟ್ಟದ ದಾರಿಗಳಿಗೂ ಅಧೀನವಾಗಿತ್ತು. ತಂತಿಯ ಹಂಗಿಲ್ಲದೆ ಮಾತನ್ನು ಸಾಗಿಸುವ ವಿದ್ಯೆಯು ಬಂದ ಮೇಲೆ ಈ ಅಧೀನತೆಯು ತಪ್ಪಬೇಕಾಗಿತ್ತು; ಆದರೆ ಅದು ಅಷ್ಟು ಸುಲಭವಾಗಿ ತಪ್ಪಲಿಲ್ಲ. ಯಂತ್ರವನ್ನು ಇಟ್ಟುಕೊಳ್ಳಲು ಯಾರಿಗೆ ಅಧಿಕಾರವುಂಟು, ಅದು ಕೆಟ್ಟರೆ ಸರಿಪಡಿಸಬಲ್ಲವರು ಯಾರು ಎಂಬ ಎರಡು ಪ್ರಶ್ನೆಗಳು ಮೊದಲಿನಿಂದಲೂ ಈ ವಿದ್ಯೆಯ ಬೆನ್ನು ಹತ್ತಿ ಬಂದಿವೆ. ಹವ್ಯಾಸಿ ನಿಸ್ತಂತುವಿನ ಇತಿಹಾಸವನ್ನು ಪರವಾನಗಿಗಳ ಮತ್ತು ಸಂಘಗಳ ಇತಿಹಾಸವಾಗಿ ಬರೆಯುವುದು ವಾಡಿಕೆ. ಅದನ್ನು ಯಂತ್ರವನ್ನು ಕೈಯಾರೆ ಕಟ್ಟಿದವರ ಇತಿಹಾಸವಾಗಿ ನೋಡಿದರೆ ಬೇರೊಂದು ಚಿತ್ರವು ಕಾಣುವುದು.

ಮೊದಲನೆಯ ಪ್ರಶ್ನೆಗೆ ಬ್ರಿಟಿಷ್ ಸರಕಾರವು ಕೊಟ್ಟ ಉತ್ತರವು ಸ್ಪಷ್ಟವಾಗಿತ್ತು. 1885ರ ಟೆಲಿಗ್ರಾಫ್ ಕಾಯಿದೆಯು ಸಂದೇಶಸಾಧನಗಳ ಏಕಸ್ವಾಮ್ಯವನ್ನು ಸರಕಾರಕ್ಕೆ ಒಪ್ಪಿಸಿತು. 1933ರ ನಿಸ್ತಂತು ಕಾಯಿದೆಯು ಪರವಾನಗಿಯಿಲ್ಲದೆ ಯಂತ್ರವನ್ನು ಬಳಿಯಲ್ಲಿರಿಸಿಕೊಳ್ಳುವುದನ್ನೇ ಅಪರಾಧವನ್ನಾಗಿ ಮಾಡಿತು. ಅಂಕೋಲೆಯ ಜನರಿಗೆ ಈ ಬಗೆಯ ಏಕಸ್ವಾಮ್ಯವು ಹೊಸದಲ್ಲ. ಸಮುದ್ರದ ನೀರು ಮನೆಯ ಬಾಗಿಲಿಗೆ ಬಂದರೂ ಅದರಿಂದ ಉಪ್ಪನ್ನು ತೆಗೆಯಕೂಡದೆಂಬ ಕಟ್ಟಳೆಯನ್ನು ಅವರು ಕಂಡಿದ್ದರು. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಲ್ಲಿಯೇ ಆ ಕಟ್ಟಳೆಯು ಮುರಿಯಲ್ಪಟ್ಟಿತು. ಉಪ್ಪಿನ ಮತ್ತು ಆಕಾಶದ ಅಲೆಗಳ ವಿಷಯದಲ್ಲಿ ಒಂದು ಸಾಮ್ಯವುಂಟು: ಎರಡೂ ಎಲ್ಲರ ಸುತ್ತಲೂ ಇರುವಂತಹವು, ಎರಡಕ್ಕೂ ಕಾವಲು ಹಾಕಲ್ಪಟ್ಟಿತ್ತು. ಒಂದು ಭೇದವೂ ಉಂಟು: ಉಪ್ಪನ್ನು ಮಾಡಲು ಬಿಸಿಲು ಸಾಕು, ಅಲೆಯನ್ನು ಹುಟ್ಟಿಸಲು ವಿದ್ಯೆ ಬೇಕು. ಈ ಭೇದವು ಮುಂದಿನ ಕಥೆಗೆ ಮುಖ್ಯವಾದುದು.

ಭಾರತದಲ್ಲಿ ಹವ್ಯಾಸಿ ಪರವಾನಗಿಯನ್ನು ಮೊದಲು ಪಡೆದವರು ಅಮರೇಂದ್ರ ಚಂದ್ರ ಗುಪ್ತ, ಅದು 1921ರಲ್ಲಿ. ಆ ಬಳಿಕ ಹದಿನೈದು ವರ್ಷಗಳಾದರೂ ಇಡೀ ದೇಶದಲ್ಲಿ ಪರವಾನಗಿಯುಳ್ಳವರು ಐವತ್ತನ್ನು ಮುಟ್ಟಿರಲಿಲ್ಲ. ಕನ್ನಡನಾಡಿನಲ್ಲಿ ಈ ವಿದ್ಯೆಯು ಸಾರ್ವಜನಿಕರ ಕಿವಿಗೆ ಬಿದ್ದುದು 1935ರ ಸೆಪ್ಟೆಂಬರ್ 10ರಂದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಅಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಾದ ವಿಠ್ಠಲ ವಿಹಾರದಿಂದ 30 ವಾಟಿನ ಪ್ರೇಷಕದ ಮೂಲಕ ಬಿತ್ತರಿಕೆಯನ್ನು ಆರಂಭಿಸಿದರು. ದೇಶಕ್ಕೆಲ್ಲ ಪರಿಚಿತವಾದ ‘ಆಕಾಶವಾಣಿ’ ಎಂಬ ಹೆಸರು ಆ ನಿಲಯದೊಡನೆ ಬಂದುದು. ಒಂದು ಮನೆಯ ಕೋಣೆಯಲ್ಲಿ ಒಬ್ಬ ಅಧ್ಯಾಪಕನ ಆಸಕ್ತಿಯಿಂದ ಹುಟ್ಟಿದ ಈ ನಿಲಯವು 1942ರ ಸುಮಾರಿಗೆ ಸಂಸ್ಥಾನದ ಆಡಳಿತಕ್ಕೆ ಸೇರಿತು.

ಆಗ್ಗೆ ಮುಂಬಯಿ ಇಲಾಖೆಗೆ ಸೇರಿದ್ದ ಕಾರವಾರ ಸೀಮೆಯ ಸ್ಥಿತಿಯು ಮೈಸೂರಿನಂತಿರಲಿಲ್ಲ. 1939ರಲ್ಲಿ ಮಹಾಯುದ್ಧವು ಆರಂಭವಾದೊಡನೆ ಬ್ರಿಟಿಷ್ ಇಂಡಿಯಾದ ಹವ್ಯಾಸಿಗಳು ತಮ್ಮ ಪ್ರೇಷಕಗಳನ್ನು ಪೊಲೀಸರಿಗೆ ಒಪ್ಪಿಸಬೇಕೆಂದು ಆಜ್ಞೆಯಾಯಿತು. ಯಂತ್ರವನ್ನು ಒಪ್ಪಿಸಬಹುದು, ಕಟ್ಟುವ ವಿದ್ಯೆಯನ್ನು ಒಪ್ಪಿಸಲಾಗದು. ಹವ್ಯಾಸಿಯಾಗಿದ್ದ ನರಿಮನ್ ಪ್ರಿಂಟರ್ ಎಂಬವರು ಬಿಡಿಭಾಗಗಳನ್ನು ಕೂಡಿಸಿ ಕಟ್ಟಿಕೊಟ್ಟ ಪ್ರೇಷಕದಿಂದಲೇ 1942ರ ಆಗಸ್ಟಿನಲ್ಲಿ ಉಷಾ ಮೆಹತಾ ಮತ್ತು ಅವರ ಸಂಗಡಿಗರು ಮುಂಬಯಿಯಲ್ಲಿ ಗುಪ್ತ ಕಾಂಗ್ರೆಸ್ ರೇಡಿಯೋವನ್ನು ನಡೆಯಿಸಿದರು. ಅದರ ಅಲೆಯ ಉದ್ದವು 42.34 ಮೀಟರುಗಳೆಂದು ಪ್ರಸಾರದಲ್ಲಿಯೇ ಸಾರಲ್ಪಡುತ್ತಿತ್ತು. ಇದನ್ನು ಗಣಿಸಿ ನೋಡಿದರೆ ಸುಮಾರು 7.08 ಮೆಗಾಹರ್ಟ್ಸ್ ಆಗುವುದು. ಅಂದರೆ ಆ ಗುಪ್ತವಾಣಿಯು ಹವ್ಯಾಸಿಗಳು 40 ಮೀಟರಿನ ಪಟ್ಟಿಯೆಂದು ಕರೆಯುವ ಸ್ಥಾನದಲ್ಲಿಯೇ ನುಡಿಯುತ್ತಿತ್ತು. ಹವ್ಯಾಸಿಯ ಕೈಯಿಂದ ಬಂದ ಯಂತ್ರವು ಹವ್ಯಾಸಿಗಳ ಪಟ್ಟಿಯಲ್ಲಿಯೇ ಮಾತಾಡಿದುದು ಗಮನಾರ್ಹವಾಗಿದೆ.

1942ರ ನವೆಂಬರ್ 12ರಂದು ಆ ನಿಲಯವು ಪೊಲೀಸರ ವಶವಾಯಿತು. ಹೊರಗಿನ ಹುಡುಕುವ ವಾಹನಗಳಿಗಿಂತ ಒಳಗಿನ ಯಂತ್ರಜ್ಞನ ಮೂಲಕವೇ ಪೊಲೀಸರಿಗೆ ದಾರಿಯು ದೊರೆಯಿತೆಂದು ಆ ಪ್ರಕರಣದ ವೃತ್ತಾಂತಗಳಿಂದ ತಿಳಿಯುವುದು. ಉಷಾ ಮೆಹತಾ ಅವರಿಗೆ ನಾಲ್ಕು ವರ್ಷಗಳ ಸೆರೆವಾಸವಾಯಿತು. ಈ ಪ್ರಸಂಗವನ್ನು ನಿಷ್ಠೆ ಮತ್ತು ದ್ರೋಹಗಳ ಕಥೆಯಾಗಿ ಹೇಳುವುದುಂಟು. ವಿದ್ಯೆಯ ಇತಿಹಾಸದ ದೃಷ್ಟಿಯಿಂದ ಅದಕ್ಕೆ ಇನ್ನೊಂದು ಅರ್ಥವುಂಟು: ಮಾತಾಡುವವರು ಹಲವರಿದ್ದರು, ಸುದ್ದಿಯನ್ನು ತರುವವರು ಹಲವರಿದ್ದರು, ಯಂತ್ರದ ಮರ್ಮವನ್ನು ಬಲ್ಲವರು ಮಾತ್ರ ಬೆರಳೆಣಿಕೆಯವರು. ಸರಪಣಿಯ ದುರ್ಬಲವಾದ ಕೊಂಡಿಯು ಅದೇ ಆಗಿತ್ತು.

ಕಾರವಾರ ಜಿಲ್ಲೆಗೆ ನೇರವಾಗಿ ಸಂಬಂಧಿಸಿದ ಪ್ರಸಂಗವು ಇದಕ್ಕೆ ಹದಿಮೂರು ವರ್ಷಗಳ ಅನಂತರ ನಡೆಯಿತು. ದೇಶವು ಸ್ವತಂತ್ರವಾದರೂ ಗೋವೆಯು ಪೋರ್ತುಗೀಜರ ಕೈಯಲ್ಲಿತ್ತು; ಕಾರವಾರದ ದಡದಿಂದ ಕಣ್ಣಿಗೆ ಕಾಣುವ ಅಂಜದೀವ ದ್ವೀಪವೂ 1961ರ ಡಿಸೆಂಬರಿನವರೆಗೆ ಅವರದೇ ಆಗಿತ್ತು. 1955ರ ನವೆಂಬರ್ 25ರಂದು ಗೋವೆಯ ಬಿಡುಗಡೆಗಾಗಿ ಒಂದು ಗುಪ್ತ ಬಾನುಲಿಯು ಆರಂಭವಾಯಿತು. ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೊ ಎಂಬವರು ಅದರ ಪ್ರಾಣವಾಗಿದ್ದರು. 1954ರಲ್ಲಿ ದಾದ್ರಾ ಮತ್ತು ನಗರ ಹವೇಲಿಗಳು ಬಿಡುಗಡೆಯಾದಾಗ ಪೋರ್ತುಗೀಜರಿಂದ ದೊರೆತ ನಿಸ್ತಂತು ಯಂತ್ರಗಳನ್ನೇ ಪ್ರಸಾರಕ್ಕೆ ತಕ್ಕಂತೆ ಮಾರ್ಪಡಿಸಿಕೊಂಡರೆಂದು ವೃತ್ತಾಂತವುಂಟು. ಮೊದಲು ಅಂಬೋಲಿಯ ಅರಣ್ಯದಿಂದಲೂ, ಬಳಿಕ ಉತ್ತರ ಕನ್ನಡ ಜಿಲ್ಲೆಯ ಕ್ಯಾಸಲ್ ರಾಕ್ ಪರಿಸರದ ಕಾಡಿನಿಂದಲೂ ಪೋರ್ತುಗೀಜ್ ಮತ್ತು ಕೊಂಕಣಿ ಭಾಷೆಗಳಲ್ಲಿ ವಾರ್ತೆಗಳು ಗಡಿಯಾಚೆಗೆ ಹೋಗುತ್ತಿದ್ದವು. ಇಬ್ಬರೂ ವರ್ಷಗಟ್ಟಲೆ ಆ ಮಳೆಗಾಡಿನಲ್ಲಿ, ಮರೆಯಲ್ಲಿಯೇ ಬಾಳಿದರು. 1961ರ ಡಿಸೆಂಬರ್ 19ರಂದು ಗೋವೆಯು ಬಿಡುಗಡೆಯಾದ ಸುದ್ದಿಯನ್ನು ವಿಮಾನದಿಂದ ಸಾರಿದವರೂ ಅವರೇ. ಸರಕಾರದ ಭವ್ಯ ನಿಲಯಗಳಿಲ್ಲದೆ, ಮಾರ್ಪಡಿಸಿದ ಯಂತ್ರದಿಂದ, ಕಾಡಿನ ತೇವದಲ್ಲಿ ಆರು ವರ್ಷ ಒಂದು ವಾಣಿಯು ನಡೆದು ಬಂದುದು ಈ ಜಿಲ್ಲೆಯ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ.

ಸ್ವಾತಂತ್ರ್ಯಾನಂತರ ಹವ್ಯಾಸಿಗಳಿಗೆ ಕಾನೂನಿನ ಬಾಗಿಲು ತೆರೆದಿತ್ತು. 1948ರ ಮೇ 15ರಂದು ಮಹೂವಿನಲ್ಲಿ ಅವರ ಅಖಿಲ ಭಾರತ ಸಂಘವು ಸ್ಥಾಪಿತವಾಯಿತು. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಮನೆಯು ತುಂಬುವುದಿಲ್ಲ. ವಿದೇಶದ ಯಂತ್ರಗಳ ಮೇಲಿನ ಸುಂಕವು ಭಾರವಾಗಿತ್ತು. ಯುದ್ಧಕಾಲದ ಹಳೆಯ ಸೈನ್ಯದ ಸಾಮಗ್ರಿಯೇ ಅನೇಕರಿಗೆ ಆಧಾರವಾಯಿತು. 1984ರಲ್ಲಿ ಸುಂಕವು ಮನ್ನಾ ಆದ ಬಳಿಕ ಸಂಖ್ಯೆಯು ಏರಿತು. ಆದರೂ ಸಿದ್ಧ ಯಂತ್ರದ ಬೆಲೆಯು ಸಾಮಾನ್ಯ ವಿದ್ಯಾರ್ಥಿಗೆ ಎಟುಕುವಂತಿರಲಿಲ್ಲ.

ಈ ಸ್ಥಿತಿಯಲ್ಲಿ 2004ರಲ್ಲಿ ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರು ‘ಬಿಟ್‌ಎಕ್ಸ್’ ಎಂಬ ಪ್ರೇಷಕ-ಗ್ರಾಹಕದ ನಕ್ಷೆಯನ್ನು ಎಲ್ಲರಿಗೂ ಉಚಿತವಾಗಿ ಪ್ರಕಟಿಸಿದರು. ಇದರ ವಿಶೇಷವು ಅಗ್ಗದ ಬೆಲೆಯೊಂದೇ ಅಲ್ಲ. ಭಾರತದ ಯಾವುದೇ ಊರಿನ ರೇಡಿಯೋ ರಿಪೇರಿಯ ಅಂಗಡಿಯಲ್ಲಿ ಸಿಕ್ಕುವ ಟ್ರಾನ್ಸಿಸ್ಟರುಗಳಿಂದಲೇ ಅದು ಕಟ್ಟಲ್ಪಡುವಂತಿತ್ತು; ಸುರುಳಿಯನ್ನು ಸುತ್ತಲು ವಿಶೇಷ ಉಂಗುರವು ದೊರೆಯದಿದ್ದರೆ ನೀರಿನ ನಲ್ಲಿಯ ವಾಷರೂ ನಡೆಯುತ್ತಿತ್ತು. ಅದರ ಕಾರ್ಯಕ್ರಮವು ಹೀಗೆ: 14 ಮೆಗಾಹರ್ಟ್ಸಿನ ಅಲೆಯು ಒಳಬಂದು, ಯಂತ್ರದೊಳಗೆ ಹುಟ್ಟಿದ 4 ಮೆಗಾಹರ್ಟ್ಸಿನ ಅಲೆಯೊಡನೆ ಬೆರೆತು, 10 ಮೆಗಾಹರ್ಟ್ಸ್ ಆಗುವುದು, ಕ್ರಿಸ್ಟಲುಗಳ ಜರಡಿಯು ಅದರಲ್ಲಿ ಬೇಕಾದ ಕಿರುಭಾಗವನ್ನು ಮಾತ್ರ ಬಿಟ್ಟು, ಅದು ಮಾತಾಗಿ ಕಿವಿಗೆ ತಲಪುವುದು. ಮಾತನ್ನು ಕಳುಹಿಸುವಾಗ ಅದೇ ದಾರಿಯಲ್ಲಿ ಹಿಂದುಮುಂದಾಗಿ ಸಂಚಾರ. ಕೊನೆಯಲ್ಲಿ ಐಆರ್‌ಎಫ್ 510 ಎಂಬ ಸುಲಭಬೆಲೆಯ ಮಾಸ್‌ಫೆಟ್ಟು ಸುಮಾರು 6 ವಾಟಿನ ಶಕ್ತಿಯನ್ನು ಕೊಡುವುದು. 2016ರಲ್ಲಿ ಬಂದ ಇದರ ಸಂತತಿಯು 7 ಮೆಗಾಹರ್ಟ್ಸಿನದು. ಅಂದರೆ 1942ರ ಗುಪ್ತವಾಣಿಯು ನುಡಿದ ಪಟ್ಟಿಯೇ.

ಇಂತಹ ಯಂತ್ರವನ್ನು ಕಟ್ಟುವವನಿಗೆ ನಿಜವಾದ ಶಿಕ್ಷಣವು ಆರಂಭವಾಗುವುದು ಬೆಸುಗೆ ಮುಗಿದು, ವಿದ್ಯುತ್ತನ್ನು ಕೊಟ್ಟು, ಯಂತ್ರವು ಮೌನವಾಗಿ ಕುಳಿತಾಗ. ದೋಷಶೋಧನೆಯು ಒಂದು ಬಗೆಯ ತರ್ಕಶಾಸ್ತ್ರ. ಮೊದಲು ಮಲ್ಟಿಮೀಟರಿನಿಂದ ಪ್ರತಿಯೊಂದು ಘಟ್ಟದ ವೋಲ್ಟೇಜನ್ನು ಅಳೆಯಬೇಕು. ಏಕೆಂದರೆ ಅನ್ನವಿಲ್ಲದವನ ಕೈಯಿಂದ ಕೆಲಸವನ್ನು ಬಯಸಲಾಗದು. ಬಳಿಕ ಕಿವಿಯ ಕಡೆಯಿಂದ ಆರಂಭಿಸಿ ಆಂಟೆನಾದ ಕಡೆಗೆ ಒಂದೊಂದೇ ಘಟ್ಟವನ್ನು ಮುಟ್ಟಿ, ಸದ್ದು ಎಲ್ಲಿ ನಿಲ್ಲುವುದೆಂಬುದನ್ನು ನೋಡಬೇಕು. ಯಂತ್ರವು ಕೇಳುತ್ತದೆ, ಆದರೆ ಮಾತಾಡುವುದಿಲ್ಲ ಎಂದಾದರೆ ಎರಡಕ್ಕೂ ಸಮಾನವಾದ ಕ್ರಿಸ್ಟಲ್ ಜರಡಿ, ಬೆರೆಸುವ ಘಟ್ಟಗಳು, ಅಲೆಯನ್ನು ಹುಟ್ಟಿಸುವ ಘಟ್ಟಗಳು ನಿರ್ದೋಷವೆಂದು ಸಿದ್ಧವಾಯಿತು. ದೋಷವನ್ನು ಮೈಕಿನ ಘಟ್ಟದಲ್ಲಿಯೋ, ಪ್ರೇಷಣಕ್ಕೆ ಮೀಸಲಾದ ಟ್ರಾನ್ಸಿಸ್ಟರುಗಳಲ್ಲಿಯೋ, ಸ್ವಿಚ್ಚಿನ ರಿಲೇಯಲ್ಲಿಯೋ ಹುಡುಕಬೇಕು. ಕೊನೆಯ ಮಾಸ್‌ಫೆಟ್ಟಿನ ಪ್ರೀಸೆಟ್ಟನ್ನು ಅಮ್ಮೀಟರನ್ನು ನೋಡುತ್ತ ಮೆಲ್ಲಮೆಲ್ಲನೆ ತಿರುಗಿಸಬೇಕು. ಆತುರಪಟ್ಟವನು ಅದನ್ನು ಸುಟ್ಟುಕೊಳ್ಳುವನು.

ಕರಾವಳಿಯಲ್ಲಿ ಇವಕ್ಕೆ ಇನ್ನೂ ಕೆಲವು ಕಷ್ಟಗಳು ಸೇರುತ್ತವೆ. ಉಪ್ಪಿನ ಗಾಳಿಯು ತಾಮ್ರದ ತಂತಿಗೆ ಕಿಲುಬನ್ನು ಹಿಡಿಸುವುದು. ಆಂಟೆನಾದ ಜೋಡಣೆಯಲ್ಲಿ ನೀರು ಸೇರಿದರೆ ಶಕ್ತಿಯು ಅಲ್ಲಿಯೇ ವ್ಯಯವಾಗುವುದು. ಸರಿಯಾಗಿ ಕರಗದ ಬೆಸುಗೆಯು ಬೇಸಗೆಯಲ್ಲಿ ಕೆಲಸ ಮಾಡಿ ಮಳೆಗಾಲದಲ್ಲಿ ಕೈಕೊಡುವುದು. ಆದರೆ ಈ ನಾಡಿಗೆ ಒಂದು ಅನುಕೂಲವೂ ಉಂಟು. 7 ಮೆಗಾಹರ್ಟ್ಸಿನ ಅಲೆಗೆ ಸುಮಾರು 20 ಮೀಟರ್ ಉದ್ದದ ತಂತಿಯು ಬೇಕು. ಎರಡು ತೆಂಗಿನ ಮರಗಳ ನಡುವೆ ಅದು ಸುಲಭವಾಗಿ ನಿಲ್ಲುವುದು. ಹತ್ತು ಮೀಟರಿಗಿಂತ ತಗ್ಗಿನಲ್ಲಿ ಕಟ್ಟಿದ ತಂತಿಯು ತನ್ನ ಶಕ್ತಿಯ ಬಹುಭಾಗವನ್ನು ಮೇಲಕ್ಕೆ ಎಸೆಯುವುದು. ಹಗಲು ಹೊತ್ತಿನಲ್ಲಿ ಅದು ಅಯಾನುಮಂಡಲದಿಂದ ಹಿಂದಿರುಗಿ ಕೆಲವು ನೂರು ಕಿಲೋಮೀಟರುಗಳ ಸುತ್ತಳತೆಯಲ್ಲಿ ಮಳೆಯಂತೆ ಇಳಿಯುವುದು. ಆದುದರಿಂದ ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರಗಳ ನೇರ ಅಲೆಗೆ ಅಡ್ಡಬರುವ ಸಹ್ಯಾದ್ರಿಯು ಈ ಅಲೆಗೆ ಅಡ್ಡಬರಲಾರದು. ಅಂಕೋಲೆಯ ಮಾತು ಶಿರಸಿಗೂ ಧಾರವಾಡಕ್ಕೂ ಬೆಟ್ಟದ ಮೇಲಿನಿಂದ ಹೋಗಬಲ್ಲದು. ಇರುಳಿನಲ್ಲಿ ಈ ಪಟ್ಟಿಯ ಸಮೀಪದ ಮಾತು ಕ್ಷೀಣಿಸಿ ದೂರದ ಮಾತು ಮೇಲಾಗುವುದೆಂಬುದನ್ನೂ ಬಲ್ಲವನೇ ನಿಜವಾದ ಹವ್ಯಾಸಿ.

ಮೊಬೈಲ್ ದೂರವಾಣಿಯು ಮನೆಮನೆಗೂ ಬಂದಿರುವಾಗ ಈ ಶ್ರಮವೇಕೆ ಎಂಬ ಆಕ್ಷೇಪವು ಸಹಜವಾದುದೇ. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡವು ಕುಸಿದು, ಹೆದ್ದಾರಿಯನ್ನು ಮುಚ್ಚಿ, ಗಂಗಾವಳಿಯವರೆಗೆ ಜಾರಿ ಪ್ರಾಣಗಳನ್ನು ತೆಗೆದುಕೊಂಡಿತು. ಮೂರು ವಾರಗಳು ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಡುವಿರುಳಿನಾಚೆ, ಕಾರವಾರದ ಬಳಿಯ ಕಾಳೀನದಿಯ ಹಳೆಯ ಸೇತುವೆಯೂ ಕುಸಿಯಿತು. ದೂರವಾಣಿಯ ಗೋಪುರವು ವಿದ್ಯುತ್ತನ್ನೂ ನೆಲದ ಕೇಬಲನ್ನೂ ನಂಬಿ ನಿಂತಿದೆ. ನೆಲವೇ ಜಾರುವ ನಾಡಿನಲ್ಲಿ ಒಂದು ಬ್ಯಾಟರಿ ಮತ್ತು ಎರಡು ಮರಗಳನ್ನು ಮಾತ್ರ ನಂಬುವ ಸಾಧನವು ವ್ಯರ್ಥವೆನ್ನುವಂತಿಲ್ಲ. ಆದರೆ ಆ ಸಾಧನವು ಪೆಟ್ಟಿಗೆಯಲ್ಲಿದ್ದರೆ ಸಾಲದು. ಮಳೆಗಾಲದ ನಡುವೆ ಅದು ಕೆಟ್ಟರೆ ಹೊರಗಿನ ಯಂತ್ರಜ್ಞನು ಬರುವ ದಾರಿಯೇ ಇಲ್ಲದಿರಬಹುದು.

ಇತ್ತೀಚಿನ ಕಿಟ್ಟುಗಳಲ್ಲಿ ಹಲಗೆಯು ಸಿದ್ಧವಾಗಿಯೇ ಬರುತ್ತದೆ. ಅಲೆಯನ್ನು ಹುಟ್ಟಿಸುವ ಕೆಲಸವನ್ನು ಸಾಫ್ಟ್‌ವೇರು ವಹಿಸಿಕೊಂಡಿದೆ. ಇದರಿಂದ ಅಲೆಯು ಜಾರುವ ಹಳೆಯ ರೋಗವು ತಪ್ಪಿತು, ಅನೇಕರಿಗೆ ಪ್ರವೇಶವು ಸುಲಭವಾಯಿತು. ಕಣ್ಣಿಗೆ ಕಾಣದಷ್ಟು ಸಣ್ಣ ಭಾಗಗಳನ್ನು ಬೆಸೆಯುವ ಅಭ್ಯಾಸವು ಮಾತ್ರ ಕಟ್ಟುವವನ ಕೈತಪ್ಪಿತು. ನಕ್ಷೆಯೂ ಸಾಫ್ಟ್‌ವೇರಿನ ಮೂಲವೂ ಬಹಿರಂಗವಾಗಿರುವುದರಿಂದ ಮರ್ಮವು ಮುಚ್ಚಿಹೋಗಿಲ್ಲವೆಂಬುದು ಸಮಾಧಾನದ ಸಂಗತಿ. ಓದುವ ಶ್ರಮವನ್ನು ವಹಿಸುವವರು ಬೇಕು.

1885ರ ಮತ್ತು 1933ರ ಕಾಯಿದೆಗಳ ಸ್ಥಾನಕ್ಕೆ 2023ರ ದೂರಸಂಪರ್ಕ ಕಾಯಿದೆಯು ಬಂದಿದೆ. ಪರವಾನಗಿಯು ಹಿಂದಿನಂತೆ ಈಗಲೂ ಅವಶ್ಯ. ಪರೀಕ್ಷೆಯಲ್ಲಿ ತೇರ್ಗಡೆಯಾದವನಿಗೆ ಅದು ದೊರೆಯುವುದು. ಆಗಿನ ಕಾಲದಲ್ಲಿ ಕಟ್ಟಳೆಯು ತಡೆದಿದ್ದ ಬಾಗಿಲು ಈಗ ತಡೆಯಿಲ್ಲದೆ ತೆರೆದಿದೆ. ಉಳಿದಿರುವುದು ಎರಡನೆಯ ಪ್ರಶ್ನೆ. ಮುಂಬಯಿಯ ಗುಪ್ತವಾಣಿಯು ಮೂರು ತಿಂಗಳಲ್ಲಿ ಅಡಗಿತು, ಕ್ಯಾಸಲ್ ರಾಕಿನ ಕಾಡಿನ ವಾಣಿಯು ಬಿಡುಗಡೆಯ ದಿನದವರೆಗೆ ಬಾಳಿತು. ಇವುಗಳ ಭಾಗ್ಯಭೇದಕ್ಕೆ ಕಾರಣಗಳು ಹಲವಿದ್ದರೂ, ಯಂತ್ರದ ಮರ್ಮವು ಒಬ್ಬನ ಕೈಯಲ್ಲಿಯೇ ನಿಲ್ಲಕೂಡದೆಂಬ ಪಾಠವು ಮೊದಲನೆಯದರಿಂದ ಸ್ಪಷ್ಟವಾಗುವುದು. ಕಾರವಾರ ಮತ್ತು ಅಂಕೋಲೆಗಳ ಶಾಲೆ-ಕಾಲೇಜುಗಳಲ್ಲಿ ಹತ್ತು ಮಂದಿ ತರುಣ ತರುಣಿಯರು ಒಂದೊಂದು ಯಂತ್ರವನ್ನು ಕಟ್ಟಿ, ಅದರ ಒಂದೊಂದು ದೋಷವನ್ನು ತಾವೇ ಕಂಡುಹಿಡಿದರೆ, ಮುಂದಿನ ಮಳೆಗಾಲಕ್ಕೆ ಈ ಸೀಮೆಯು ಹಿಂದಿಗಿಂತ ಹೆಚ್ಚು ಸಿದ್ಧವಾಗಿರುವುದು.