ಟಾಮಿ ಗಾಡ್ವಿನ್ ತುಳಿದ ವರ್ಷ (ಸೈಕಲ್ ಕಥೆ, ಭಾಗ 4)

ಇವತ್ತು ಗುರುವಾರ. ಈ ವಾರ 300 ಕಿ.ಮೀ. ಅಂತ ಪ್ಲಾನ್ ಹಾಕಿದ್ದೆ, 140ಕ್ಕೇ ಮೊಣಕಾಲು ಹಿಡ್ಕೊಂಡಿದೆ. ನಾಳೆಗೆ ಅಲಾರಾಂ ಇಡಲೋ ಬೇಡವೋ ಅಂತ ಕೂತಾಗ ನೆನಪಾದವನು ಇಂಗ್ಲೆಂಡಿನ ಟಾಮಿ ಗಾಡ್ವಿನ್.

ಒಂದು ವರ್ಷದಲ್ಲಿ ಅತಿ ಹೆಚ್ಚು ದೂರ ಸೈಕಲ್ ತುಳಿದ ದಾಖಲೆ ಆಗ ಆಸ್ಟ್ರೇಲಿಯಾದ ಆಸ್ಸಿ ನಿಕಲ್ಸನ್ ಹೆಸರಲ್ಲಿತ್ತು: 62,657 ಮೈಲಿ. ಅದನ್ನು ಮುರಿಯೋಕೆ ಗಾಡ್ವಿನ್ 1939ರ ಜನವರಿ 1ರಂದು ಹೊರಟ. ವಯಸ್ಸು 26. ವರ್ಷದ ಕೊನೆಗೆ ಲೆಕ್ಕ 75,065 ಮೈಲಿ! ಭಾಗಾಕಾರ ಮಾಡಿ ನೋಡಿ (ಬಿಕಾಂ ಬುದ್ಧಿ, ಬಿಡಲ್ಲ): ದಿನಕ್ಕೆ ಸರಾಸರಿ 330 ಕಿ.ಮೀ. ಹೆಚ್ಚುಕಮ್ಮಿ ಬೆಂಗಳೂರಿಂದ ಮಂಗಳೂರಿನಷ್ಟು. ಅದೂ ಭಾರದ ಉಕ್ಕಿನ ಸೈಕಲ್ಲಲ್ಲಿ.

ಸೆಪ್ಟೆಂಬರಿನಲ್ಲಿ ಮಹಾಯುದ್ಧ ಶುರುವಾಯ್ತು. ಬಾಂಬಿನ ಭಯಕ್ಕೆ ಊರೂರೇ ದೀಪ ಆರಿಸಿ ಕೂತಿತ್ತು, ಸೈಕಲ್ ದೀಪಕ್ಕೂ ಮುಸುಕು. ಆ ಕತ್ತಲಲ್ಲೇ ತುಳಿದು ಅಕ್ಟೋಬರಿನಲ್ಲಿ ನಿಕಲ್ಸನ್‌ನ ದಾಟಿದ. ಅಲ್ಲಿಗೂ ಇಳೀಲಿಲ್ಲ ನೋಡಿ. 1940ರ ಮೇ ತನಕ ತುಳಿದು, 500 ದಿನದಲ್ಲಿ ಒಂದು ಲಕ್ಷ ಮೈಲಿ ಮುಗಿಸಿದ. ಆಮೇಲೆ ವಾಯುಪಡೆ ಸೇರಿದ.

ಎಲ್ಲರೂ ಹೇಳೋದು ಅವನು ಜೂನ್‌ನಲ್ಲಿ ಒಂದೇ ದಿನ 361 ಮೈಲಿ ತುಳಿದದ್ದನ್ನು. ಆಗ ಅಲ್ಲಿ ಹಗಲು ಉದ್ದ ಬಿಡಿ. ನನಗೆ ದೊಡ್ಡದು ಅನ್ಸೋದು ಆ ನವೆಂಬರ್ ಚಳಿಯ, ದೀಪವಿಲ್ಲದ ರಸ್ತೆಯ ಮೈಲಿಗಳು. ಅಂಥ ದಿನದ ಫೋಟೊ ನಾವ್ಯಾರೂ ಹಾಕಲ್ಲ.

ಮೊಣಕಾಲಿಗೆ ಐಸ್ ಇಟ್ಕೊಂಡಿದ್ದೀನಿ. ನಾಳೆ 20 ಕಿ.ಮೀ. ಮಾತ್ರ, ನಿಧಾನಕ್ಕೆ. ಅಲಾರಾಂ 5 ಗಂಟೆಗೆ. ಬರೋರು ಮೆಸೇಜ್ ಹಾಕಿ.