ಲೂಕನ ಸುವಾರ್ತೆಯಲ್ಲಿ ಶಿಷ್ಯತ್ವ: ಕನ್ನಡ ನಾಡಿನ ಎರಡು ಬದುಕುಗಳು



ಶಿಷ್ಯತ್ವವೆಂದೊಡನೆ ನಮ್ಮ ಮನಸ್ಸಿಗೆ ಮೊದಲು ಬರುವವನು ಏಕಲವ್ಯ. ವಿದ್ಯೆ ಕೈಗೂಡಿದ ಮೇಲೆ ದ್ರೋಣರು ಅವನ ಹೆಬ್ಬೆರಳನ್ನು ಕೇಳಿದರು. ವೈಯಾಲಿಕಾವಲಿನ ನಮ್ಮ ಮನೆಯಲ್ಲಿ ನಿವೃತ್ತಿಯ ಬಿಡುವಿನಲ್ಲಿ ಲೂಕನ ಸುವಾರ್ತೆಯನ್ನು ಓದುವಾಗ ನನಗೆ ಈ ಕಥೆ ಮತ್ತೆ ಮತ್ತೆ ನೆನಪಾಯಿತು. ಅಲ್ಲಿ ಗುರುವು ದಕ್ಷಿಣೆಯನ್ನು ಕೊನೆಯಲ್ಲಿ ಕೇಳುವುದಿಲ್ಲ. ಹಿಂಬಾಲಿಸಲು ಬಂದ ಜನರಿಗೆ ಮೊದಲೇ ತಿಳಿಸಿಬಿಡುತ್ತಾನೆ.

ಇತಿಹಾಸದ ಮೇಷ್ಟ್ರಾದ ನನಗೆ ಲೂಕನು ಪ್ರಿಯನಾಗಲು ಇನ್ನೊಂದು ಕಾರಣವಿದೆ. ಪರಂಪರೆಯು ಅವನನ್ನು ವೈದ್ಯನೆಂದು ಗುರುತಿಸುತ್ತದೆ. ಥೆಯೊಫಿಲನೆಂಬವನಿಗೆ ಬರೆಯುತ್ತ, ಕಣ್ಣಾರೆ ಕಂಡವರಿಂದ ಬಂದ ಸಂಗತಿಗಳನ್ನು ಮೂಲದಿಂದ ವಿಚಾರಿಸಿ ಕ್ರಮವಾಗಿ ಬರೆದಿರುವುದಾಗಿ ಆರಂಭದಲ್ಲಿಯೇ ಹೇಳುತ್ತಾನೆ. ಹದಿನಾಲ್ಕನೆಯ ಅಧ್ಯಾಯದಲ್ಲಿ ಗೋಪುರ ಕಟ್ಟುವವನ ಸಾಮ್ಯವಿದೆ. ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕು. ಇಲ್ಲವಾದರೆ ಅಡಿಪಾಯ ಹಾಕಿ ನಿಲ್ಲಿಸಿದವನನ್ನು ಕಂಡು ಊರವರು ನಗುತ್ತಾರೆ. ಒಂಬತ್ತನೆಯ ಅಧ್ಯಾಯದಲ್ಲಿ ನೇಗಿಲಿಗೆ ಕೈಹಾಕಿ ಹಿಂದಿರುಗಿ ನೋಡುವವನ ಮಾತು ಬರುತ್ತದೆ. ಉಳುವವನು ಹಿಂದೆ ನೋಡಿದರೆ ಸಾಲು ಸೊಟ್ಟಗಾಗುವುದೆಂದು ನಮ್ಮ ಹಳ್ಳಿಯ ಮಕ್ಕಳಿಗೂ ಗೊತ್ತು.

ಈ ಎರಡು ಮಾತುಗಳನ್ನು ಬದುಕಿ ತೋರಿಸಿದ ಇಬ್ಬರು ನಮ್ಮ ನಾಡಿನಲ್ಲಿಯೇ ಇದ್ದರು.

ಮೊದಲನೆಯವರು ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರ ಪ್ರಭಾವಕ್ಕೆ ಒಳಗಾದ ಈ ತರುಣರು 1844ರಲ್ಲಿ ಕ್ರೈಸ್ತ ದೀಕ್ಷೆ ಪಡೆದರು. ಊರಿನಲ್ಲಿ ಕೋಲಾಹಲವೆದ್ದಿತು. ಬಂಧುಬಳಗ ದೂರವಾಯಿತು, ಪತ್ನಿಯೂ ಅವರೊಡನೆ ಬರಲಿಲ್ಲ. ಮುಂದೆ ಅವರು ಸ್ವಿಟ್ಜರ್ಲೆಂಡಿನ ಬಾಸೆಲ್ಲಿನಲ್ಲಿ ವ್ಯಾಸಂಗ ಮಾಡಿ 1851ರಲ್ಲಿ ಪಾದ್ರಿಯಾಗಿ ಮರಳಿದರು. ಕೊಡಗಿನಲ್ಲಿ ಶೋಷಿತ ವರ್ಗದಿಂದ ಬಂದ ಕ್ರೈಸ್ತರಿಗಾಗಿ ರೂಪುಗೊಂಡ ಆನಂದಪುರದ ನೆಲೆಯೊಂದಿಗೂ ಅವರ ಹೆಸರು ಸೇರಿಕೊಂಡಿದೆ. ಬ್ರಾಹ್ಮಣ್ಯದ ಮಾನವನ್ನು ಬಿಟ್ಟವರು, ಆ ಕಾಲದಲ್ಲಿ ಹತ್ತಿರ ಸೇರಿಸಿಕೊಳ್ಳದ ಜನರೊಡನೆ ಬಾಳಿದರು.

ಅವರ ಧೈರ್ಯವನ್ನು ಮೆಚ್ಚುವಾಗ ಒಂದು ಪ್ರಶ್ನೆಯನ್ನು ಮರೆಯಬಾರದು. ಗೋಪುರದ ವೆಚ್ಚವನ್ನು ಲೆಕ್ಕ ಹಾಕಿದವರು ಅವರು. ಅದರ ಒಂದು ಪಾಲನ್ನು ತೆತ್ತವರು ಮನೆಯಲ್ಲಿ ಉಳಿದ ಹೆಂಡತಿ ಮತ್ತು ಹಿರಿಯರು. ಆ ಹೆಣ್ಣುಮಗಳ ಮನಸ್ಸು ಯಾವ ವರದಿಯಲ್ಲಿಯೂ ಮುಖ್ಯ ವಿಷಯವಾಗಲಿಲ್ಲ. ರಾಜ್ಯ ಬಿಟ್ಟು ನಡೆದ ಸಿದ್ಧಾರ್ಥನ ಕಥೆಯಲ್ಲಿ ಯಶೋಧರೆಯನ್ನು ನೆನೆಯುವ ನಾವು ಇಲ್ಲಿಯೂ ನೆನೆಯಬೇಕಲ್ಲವೇ? ತಂದೆತಾಯಿ ಮಡದಿ ಮಕ್ಕಳಿಗಿಂತ ಗುರುವೇ ಮಿಗಿಲೆಂಬ ಲೂಕನ ಕಠಿಣ ವಾಕ್ಯವನ್ನು ಸುಲಭವಾಗಿ ಉಪದೇಶಿಸಬಾರದೆಂದು ನನಗೆ ತೋರುತ್ತದೆ.

ಎರಡನೆಯವರು ರೆವರೆಂಡ್ ಫರ್ಡಿನಾಂಡ್ ಕಿಟೆಲ್. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿ 1853ರಲ್ಲಿ ಮಂಗಳೂರಿಗೆ ಬಂದಿಳಿದರು. ಬಂದುದು ಮತಪ್ರಚಾರಕ್ಕೆ, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಕಲಿಸಲು ಬಂದವರು ಮೊದಲು ಕಲಿಯಲು ಕುಳಿತರು. ಯೇಸುವಿನ ಚರಿತ್ರೆಯನ್ನು ಈ ನೆಲದ ಛಂದಸ್ಸಿನಲ್ಲಿ ಹೇಳಲು 1862ರಲ್ಲಿ ‘ಕಥಾಮಾಲೆ’ಯನ್ನು ರಚಿಸಿದರು. ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದರು. ಮೊದಲ ಪತ್ನಿ ತೀರಿಕೊಂಡರು, ಕಣ್ಣಿನ ಶಕ್ತಿ ಕುಗ್ಗಿತು, ನೇಗಿಲನ್ನು ಬಿಡಲಿಲ್ಲ. ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂದಿತು. ಕನ್ನಡ ವ್ಯಾಕರಣವನ್ನು ಪ್ರಕಟಿಸಿದ 1903ರಲ್ಲಿಯೇ ಅವರು ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು.

ಸುವಾರ್ತೆಯ ಮೂಲವಾದ ಗ್ರೀಕ್ ಭಾಷೆಯಲ್ಲಿ ಶಿಷ್ಯನಿಗೆ ಇರುವ ಪದ ‘ಮಥೇತೇಸ್’. ಅದರ ಅರ್ಥ ಕಲಿಯುವವನು ಎಂದು. ಈ ಅರ್ಥದಲ್ಲಿ ಕಿಟೆಲ್ಲರು ಎರಡು ಬಾರಿ ಶಿಷ್ಯರು: ಒಮ್ಮೆ ತಮ್ಮ ಗುರುವಿಗೆ, ಇನ್ನೊಮ್ಮೆ ಕನ್ನಡಕ್ಕೆ. ಅವರ ಮತವನ್ನು ಒಪ್ಪದ ಕನ್ನಡಿಗರೂ ಅವರ ನಿಘಂಟನ್ನು ತಲೆಯ ಮೇಲಿಟ್ಟುಕೊಂಡರು. ನಮ್ಮ ಮಹಾತ್ಮ ಗಾಂಧಿ ರಸ್ತೆಯಲ್ಲಿ ನಿಂತಿರುವ ಅವರ ಪ್ರತಿಮೆ ಅದಕ್ಕೆ ಸಾಕ್ಷಿ.

ಲೂಕನಿಂದ ಇನ್ನೊಂದು ಪಾಠವನ್ನೂ ಹೇಳಿ ಮುಗಿಸುವೆನು. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡು ಯಾಜಕನು ಸರಿದುಹೋದನು, ಲೇವಿಯನೂ ಸರಿದುಹೋದನು. ಎತ್ತಿ ಉಪಚರಿಸಿದವನು ಪರಕೀಯನೆನಿಸಿದ ಸಮಾರ್ಯದವನು. ಈ ಕಥೆ ನಾಲ್ಕು ಸುವಾರ್ತೆಗಳಲ್ಲಿ ಲೂಕನಲ್ಲಿ ಮಾತ್ರ ಇದೆ. ಶಾಸ್ತ್ರ ಬಲ್ಲವರು ಶಿಷ್ಯರಾಗಲಿಲ್ಲ, ನಿಂತು ನೋಡಿದವನು ಶಿಷ್ಯನಾದನು ಎಂಬುದು ನಾನು ಕಂಡುಕೊಂಡ ಅರ್ಥ.

ನನ್ನ ವಿದ್ಯಾರ್ಥಿಗಳಲ್ಲಿ ಎಲ್ಲ ಮತದವರೂ ಇದ್ದೀರಿ. ಯಾರನ್ನು ಗುರುವೆಂದು ಒಪ್ಪಿದರೂ ಎರಡು ಲೆಕ್ಕಗಳನ್ನು ಹಾಕಿಕೊಳ್ಳಿ: ಇದರ ಬೆಲೆ ಎಷ್ಟು, ಅದನ್ನು ತೆರುವವರು ಯಾರು? ಉತ್ತರ ದೊರೆತ ಬಳಿಕ ನೇಗಿಲು ಹಿಡಿಯಿರಿ, ಬಿಡಬೇಡಿ.